ಹೊಲಿಗೆ ಮಷಿನ್ ಮಾತ್ರ ಮಾರಬೇಡ

(ದಾವಣಗೆರೆಯ ಮಾಜಿ ಕಾರ್ಪೊರೇಟರ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ)

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಸ್ವಸಹಾಯ ಸಂಘವನ್ನೂ ನೋಡಿಕೊಳ್ಳುತ್ತೇನೆ. ಮುಂದಿನ ಪಾಲಿಕೆ ಚುನಾವಣೆಗೆ ನಿಲ್ಲು ಅಂತ ಓಣಿಯವರೆಲ್ಲ ಒತ್ತಾಯ ಮಾಡುತ್ತಿದ್ದಾರೆ. ಗೆದ್ದರೆ ಮಷಿನ್ ಮಾರಿ ಪೂರ್ತಿ ಇದರಲ್ಲೇ ಇರೋಣ ಅಂತ ಆಸೆ. ಸರೀನಾ?
– ಓದುಗಿ, ನಿಟುವಳ್ಳಿ

ಉತ್ತರ: ನಿಲ್ಲು ತಂಗಿ. ಖಂಡಿತ ನಿಲ್ಲು. 21 ತುಂಬಿದ್ದರೆ ಸಾಕು, ವಯಸ್ಸಿನ ಅಡ್ಡಿ ಇಲ್ಲ. ಮಹಿಳಾ ಮೀಸಲು ವಾರ್ಡೇ ಆಗಬೇಕು ಅಂತಲೂ ಇಲ್ಲ, ಸಾಮಾನ್ಯ ವಾರ್ಡಿನಲ್ಲೂ ನಿಲ್ಲಬಹುದು. ಆದರೆ ಮಷಿನ್ ಮಾರಬೇಡ.

ನಾನು 2013ರಲ್ಲಿ ಗೆದ್ದಾಗ ನಮ್ಮ ಪಾಲಿಕೆಯಲ್ಲಿ 41 ವಾರ್ಡ್ ಇದ್ದವು. 2019ರ ನವೆಂಬರ್ ಚುನಾವಣೆ ಹೊತ್ತಿಗೆ 45 ಆದವು. ಗಡಿ ಬದಲಾಯಿತು, ಮೀಸಲಾತಿಯೂ ಬದಲಾಯಿತು. ಐದು ವರ್ಷ ನಾನು ತಿರುಗಿದ ಓಣಿಗಳಲ್ಲಿ ಅರ್ಧ ಪಕ್ಕದ ವಾರ್ಡಿಗೆ ಹೋದವು. ನನಗೆ ನಿಲ್ಲೋಕೆ ಜಾಗವೇ ಉಳಿಯಲಿಲ್ಲ. ಕೆಲಸ ಮಾಡಿದವರು ಯಾರು, ಮಾಡದವರು ಯಾರು ಅಂತ ಮೀಸಲಾತಿ ಪಟ್ಟಿ ನೋಡುವುದಿಲ್ಲ.

ಗೌರವಧನ ಕೊಡುತ್ತಾರೆ, ನಿಜ. ಮನೆ ಬಾಡಿಗೆ, ಮಕ್ಕಳ ಫೀಸು ಅದರಲ್ಲಿ ನಡೆಯುವುದಿಲ್ಲ. ಬೇರೆ ದುಡಿಮೆ ಇಲ್ಲದವರ ಮನೆ ಬಾಗಿಲಿಗೆ ಮೊದಲು ಬರುವವನು ಕಂಟ್ರಾಕ್ಟರ್. ಅವನ ಮುಂದೆ ಬೇಡ ಅನ್ನೋಕೆ ನಿನ್ನದೇ ನಾಲ್ಕು ಕಾಸು ಇರಬೇಕು, ಅಲ್ವಾ? ಪ್ರತಿ ವರ್ಷ ನಿನ್ನದೂ ಮನೆಯವರದೂ ಆಸ್ತಿ ಲೆಕ್ಕ ಕೊಡಬೇಕು, ಅದನ್ನೂ ನೆನಪಿಡು.

ಈಗ ಕೆಲಸದ ಮಾತು. ಮೊದಲ ವರ್ಷ ಒಂದು ದಿನ ಬೆಳಗ್ಗೆ ಐದೂವರೆಗೆ ಕೊನೆ ಓಣಿಯ ಅಜ್ಜಿ ಫೋನ್ ಮಾಡಿದರು. ಹೋದೆ. ನೀರು ಬಿಡುವ ಹುಡುಗ ಗುಂಡಿಯೊಳಗೆ ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ವಾಲ್ವ್ ತಿರುಗಿಸಿದ. ಮೇಲಿನ ಮನೆಗಳಲ್ಲಿ ನೀರು ಜೋರಾಗಿ ಬಂತು. ಅಜ್ಜಿಯ ನಲ್ಲಿ ಎರಡು ಸಲ ಬುಸ್ ಅಂತ ಗಾಳಿ ಬಿಟ್ಟು ಸುಮ್ಮನಾಯಿತು. ಆಮೇಲೆ ದಾರದಷ್ಟು ಸಣ್ಣ ನೀರು. ಇಪ್ಪತ್ತು ನಿಮಿಷ ಆದರೂ ಒಂದು ಕೊಡ ತುಂಬಲಿಲ್ಲ. ನಾನು ಎಂಜಿನಿಯರ್ ಮೇಲೆ ಕೂಗಾಡಿದೆ. ಅವರು ಮೆಲ್ಲಗೆ, ‘ಮೇಡಂ, ಈ ಪೈಪು ಕ್ರಿಯಾ ಯೋಜನೆಯಲ್ಲೇ ಇಲ್ಲವಲ್ಲ’ ಅಂದರು. ಹೌದು. ಆ ಯೋಜನೆಗೆ ವಾರ್ಡಿನ ಕೆಲಸಗಳ ಪಟ್ಟಿ ಕೊಡುವಾಗ ಬೀದಿ ದೀಪ, ಚರಂಡಿ ಬರೆದು ಅದನ್ನೇ ಬಿಟ್ಟಿದ್ದೆ. ಮುಂದಿನ ಪಟ್ಟಿಗೆ ಸೇರಿಸಿ, ಎಸ್ಟಿಮೇಟು, ಟೆಂಡರು, ವರ್ಕ್ ಆರ್ಡರು ಅಂತ ಓಡಾಡಿ ಪೈಪು ಬದಲಾಗುವಾಗ ಒಂದೂವರೆ ವರ್ಷ ಕಳೆದಿತ್ತು. ಅಷ್ಟೂ ದಿನ ಅಜ್ಜಿ ಪಕ್ಕದ ಮನೆಯಿಂದ ನೀರು ಹೊತ್ತರು. ಅದು ನನಗೆ ಇವತ್ತಿಗೂ ಸಂಕಟ.

ಅದಕ್ಕೇ ಹೇಳುವುದು, ಪಟ್ಟಿ ಕೊಡುವ ಮುಂಚೆ ಪ್ರತಿ ಓಣಿಯ ಕೊನೆ ಮನೆಗೆ ಹೋಗು. ಕಾರ್ಪೊರೇಟರ್ ಕೈಯಲ್ಲಿ ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಇಲ್ಲ. ಆಡಳಿತ ಆಯುಕ್ತರದು. ನಮಗಿರುವುದು ಸಭೆಯಲ್ಲಿ ಮಾತು, ಒಂದು ಓಟು, ಮತ್ತೆ ಒಂದೊಂದು ವಿಷಯ ನೋಡಿಕೊಳ್ಳುವ, ಸದಸ್ಯರದೇ ನಾಲ್ಕು ಸ್ಥಾಯಿ ಸಮಿತಿ. ಎಲ್ಲರ ಕಣ್ಣೂ ಮೇಯರ್ ಕುರ್ಚಿ ಮೇಲೆ. ಅದು ಒಂದೇ ವರ್ಷದ್ದು, ಅದಕ್ಕೂ ಮೀಸಲಾತಿ ಇದೆ. ನೀನು ಆ ನಾಲ್ಕರಲ್ಲಿ ಲೆಕ್ಕಪತ್ರ ಸಮಿತಿ ಕೇಳು. ಅದಕ್ಕೆ ಪೈಪೋಟಿ ಕಡಿಮೆ. ಬಿಲ್ ಓದುವುದನ್ನು ನಾನು ಕಲಿತಿದ್ದು ಅಲ್ಲೇ.

ಪ್ರಶ್ನೆ: ಕಾರ್ಪೊರೇಟರ್ ಆದರೆ ಮುಂದೆ ಶಾಸಕರಾಗುವುದು ಸುಲಭವಾ?
– ಓದುಗ, ವಿನೋಬನಗರ

ಉತ್ತರ: ಸುಲಭ ಅಲ್ಲ. ನಮ್ಮೂರಿನ ಕಾರ್ಮಿಕ ನಾಯಕ ಪಂಪಾಪತಿಯವರು ನಗರಸಭೆ ಅಧ್ಯಕ್ಷರಾಗಿದ್ದರು, ಆಮೇಲೆ 1978, 1983, 1985ರಲ್ಲಿ ಶಾಸಕರಾದರು. ಆದರೆ ಅವರನ್ನು ಬೆಳೆಸಿದ್ದು ಅಧ್ಯಕ್ಷರ ಕುರ್ಚಿ ಅಲ್ಲ, ಗಿರಣಿ ಕಾರ್ಮಿಕರು. ನಿಮ್ಮ ಹಿಂದೆ ಅಂಥ ಜನ ಯಾರಿದ್ದಾರೆ, ಮೊದಲು ಅದನ್ನು ನೋಡಿಕೊಳ್ಳಿ.

ಪ್ರಶ್ನೆ: ಮಹಿಳಾ ಮೀಸಲು ವಾರ್ಡಿನಲ್ಲಿ ಹೆಂಡತಿ ನಿಲ್ಲುತ್ತಿದ್ದಾಳೆ. ಸಭೆಗೆ ಅವಳ ಬದಲು ನಾನು ಹೋಗಬಹುದಾ?
– ಓದುಗ, ಹಳೇ ದಾವಣಗೆರೆ

ಉತ್ತರ: ಆಗುವುದಿಲ್ಲ. ಗೆದ್ದವರೇ ಕೂರಬೇಕು, ಗೆದ್ದವರೇ ಮಾತಾಡಬೇಕು. ಸಭೆಯ ಅಜೆಂಡಾ ಮನೆಗೆ ಬಂದಾಗ ಮೊದಲು ಅವರ ಕೈಗೆ ಕೊಡಿ. ಓದಿ ಮುಗಿಸುವ ತನಕ ಒಲೆ ಮುಂದೆ ನೀವು ನಿಲ್ಲಿ.