ಗಲಾಟೆಯ ಸುಳಿವು ಮೊದಲು ಸಿಗುವುದು ಸಂತೆಯಲ್ಲಿ

ನಿಮ್ಮ ಊರಿನಲ್ಲಿ ಎರಡು ವರ್ಷದಿಂದ ಗಣೇಶನ ವಿಸರ್ಜನೆ ಹೊತ್ತಿಗೆ ಕಲ್ಲು ತೂರಾಟ ಆಗುತ್ತಿದೆ ಎಂದು ಬರೆದಿದ್ದೀರಿ. ಗಲಾಟೆ ಆಗುವ ಮೊದಲೇ ಊರವರೇ ಸುಳಿವು ಹಿಡಿದು ತಡೆಯುವ ವ್ಯವಸ್ಥೆ ಎಲ್ಲಾದರೂ ನಡೆದಿದೆಯಾ, ಅದಕ್ಕೆ ಒಂದು ಆಪ್ ಮಾಡಿಸಿದರೆ ಸಾಕಾ ಎಂದು ಕೇಳಿದ್ದೀರಿ. ನಡೆದಿದೆ. ಆಪ್ ಮಾತು ಕೊನೆಗೆ ಹೇಳುತ್ತೇನೆ.

ನಾನು ಒಂದು ಸಣ್ಣ ಊರಿನಲ್ಲಿ ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನೈದು ವರ್ಷದಿಂದ ನಮ್ಮೂರ ಶಾಂತಿ ಸಮಿತಿಯಲ್ಲಿದ್ದೇನೆ. ಶುರುವಿನಲ್ಲಿ ಸಮಿತಿ ಅಂದರೆ ಹಬ್ಬಕ್ಕೆ ಮೂರು ದಿನ ಮುಂಚೆ ಠಾಣೆಯಲ್ಲಿ ಕೂತು, ಟೀ ಕುಡಿದು, ಎದ್ದು ಬರುವುದು ಅಷ್ಟೇ ಆಗಿತ್ತು. ಬೇರೆ ಕಡೆ ಹೇಗೆ ಮಾಡಿದರು ಅಂತ ಓದುತ್ತಾ ಹೋದ ಮೇಲೆ ಕಣ್ಣು ತೆರೆಯಿತು. ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಕೆನ್ಯಾದ ವಾಜಿರ್.

ವಾಜಿರ್ ಇರುವುದು ಕೆನ್ಯಾದ ಈಶಾನ್ಯ ಮೂಲೆಯಲ್ಲಿ, ಸೊಮಾಲಿಯಾ ಮತ್ತು ಇಥಿಯೋಪಿಯಾ ಗಡಿಗೆ ಹೊಂದಿಕೊಂಡ ಒಣ ಸೀಮೆ. ಒಂಟೆ, ದನ, ಕುರಿ ಮೇಯಿಸುವ ಜನ. ಹೆಚ್ಚಿನವರು ಸೊಮಾಲಿಗಳು. ಒಂದೇ ಭಾಷೆ, ಒಂದೇ ಧರ್ಮ. ಆದರೂ ಅಜುರಾನ್, ದೆಗೋಡಿಯಾ, ಒಗಾದೆನ್ ಅಂತ ಕುಲಗಳು ಬೇರೆ ಬೇರೆ. 1991ರಲ್ಲಿ ಪಕ್ಕದ ಸೊಮಾಲಿಯಾದಲ್ಲಿ ಸರ್ಕಾರವೇ ಕುಸಿಯಿತು. ಅಲ್ಲಿಂದ ಬಂದೂಕುಗಳು ಹರಿದು ಬಂದವು. ಅದೇ ಹೊತ್ತಿಗೆ ಬರಗಾಲ, ನೀರಿಗೆ ಜಗಳ, 1992ರ ಚುನಾವಣೆಯ ಕಿಚ್ಚು. ಕುಲ ಕುಲಗಳ ನಡುವೆ ಕೊಲೆ, ದನಕರು ಲೂಟಿ ಶುರುವಾಯಿತು.

ಆಗ ಅಲ್ಲಿ ದೇಖಾ ಇಬ್ರಾಹಿಂ ಅಬ್ದಿ ಎಂಬ ತರುಣಿ ಇದ್ದರು. ಒಂದು ರಾತ್ರಿ ಗುಂಡಿನ ಸದ್ದಿಗೆ ಮಗುವನ್ನು ಎತ್ತಿಕೊಂಡು ಮಂಚದ ಕೆಳಗೆ ಅಡಗಿದರು. ಬೆಳಿಗ್ಗೆ ಅವರ ತಾಯಿ, ನೀನು ಕೂಸಾಗಿದ್ದಾಗ ನಾನೂ ನಿನ್ನನ್ನು ಹೀಗೇ ಬಚ್ಚಿಟ್ಟಿದ್ದೆ ಎಂದರಂತೆ. ನನ್ನ ಮಗಳು ಮುಂದೆ ತನ್ನ ಮಗುವನ್ನು ಹೀಗೆ ಅಡಗಿಸುವ ಕಾಲ ಬರಬಾರದು ಅನ್ನಿಸಿ ದೇಖಾ ಕೆಲಸಕ್ಕೆ ಇಳಿದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

1993ರಲ್ಲಿ ಒಂದು ಮದುವೆ ಮನೆಯಲ್ಲಿ ಸೇರಿದ್ದ ಕೆಲವು ಹೆಂಗಸರು ಮಾತಾಡಿಕೊಂಡರು. ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡೋಣ? ಅವರು ಆರಿಸಿಕೊಂಡಿದ್ದು ಮಾರುಕಟ್ಟೆ. ಯಾಕೆಂದರೆ ಜಗಳದ ಬಿಸಿ ಅಲ್ಲಿ ಮೊದಲು ತಟ್ಟಿತ್ತು. ಒಂದು ಕುಲದ ಹೆಂಗಸು ಇನ್ನೊಂದು ಕುಲದವಳ ಹತ್ತಿರ ಕೊಳ್ಳುತ್ತಿರಲಿಲ್ಲ. ಬೇರೆಯವರು ಬಂದು ಮಾರುವುದಕ್ಕೂ ಬಿಡುತ್ತಿರಲಿಲ್ಲ. ಮಾರುಕಟ್ಟೆಗೆ ಯಾರು ಬೇಕಾದರೂ ಬರಬಹುದು, ಮಾರಬಹುದು, ಕೊಳ್ಳಬಹುದು ಅಂತ ಇವರು ಒಪ್ಪಂದ ಮಾಡಿಸಿದರು. ಅದು ನಡೆಯುತ್ತಿದೆಯೋ ಇಲ್ಲವೋ ಎಂದು ನೋಡಲು ಹೆಂಗಸರದೇ ಒಂದು ಗುಂಪು ನೇಮಿಸಿದರು. ಯಾರಾದರೂ ತಡೆದರೆ ಆ ಗುಂಪಿಗೆ ಸುದ್ದಿ ಹೋಗುತ್ತಿತ್ತು. ಅಲ್ಲೇ ಕೂಡಿಸಿ ಬಗೆಹರಿಸುತ್ತಿದ್ದರು. ಮುನ್ಸೂಚನೆ ವ್ಯವಸ್ಥೆ ಎಂದು ದೊಡ್ಡ ಹೆಸರಿಟ್ಟು ಕರೆಯುವುದರ ಬೇರು ಇದೇ. ಸಂತೆಯಲ್ಲಿ ಕಣ್ಣಿಟ್ಟ ಹೆಂಗಸರು.

ಆಮೇಲೆ ಕುಲದ ಹಿರಿಯರನ್ನು ಕೂಡಿಸಿದರು. ಅದೇ ವರ್ಷ ಅಲ್ ಫತಾಹ್ ಘೋಷಣೆ ಎಂಬ ಒಪ್ಪಂದ ಆಯಿತು. ಯುವಕರು, ಧರ್ಮಗುರುಗಳು ಸೇರಿದರು. 1995ರಲ್ಲಿ ಇದೆಲ್ಲ ಜಿಲ್ಲಾಡಳಿತದ ಒಳಗೇ ವಾಜಿರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿ ಆಯಿತು. ಅದಕ್ಕೆ ಜಿಲ್ಲೆಯ ಮುಖ್ಯ ಅಧಿಕಾರಿಯೇ ಅಧ್ಯಕ್ಷರು. ಅದರ ಕೈಕೆಳಗೆ, ಸುದ್ದಿ ಬಂದ ತಕ್ಷಣ ಹೊರಡುವ ಒಂದು ತಂಡ. ಆ ತಂಡದಲ್ಲಿ ಹಿರಿಯರು, ಹೆಂಗಸರು, ಧರ್ಮಗುರುಗಳು, ಜೊತೆಗೆ ಭದ್ರತಾ ಅಧಿಕಾರಿಗಳೂ ಇದ್ದರು. ಎಲ್ಲೋ ಒಂಟೆ ಕಳುವಾಯಿತು ಎಂದರೆ ಸೇಡು ತೀರಿಸುವವರು ಹೊರಡುವ ಮೊದಲು ಇವರು ಅಲ್ಲಿರಬೇಕು. ಮುಂದೆ ಕೆನ್ಯಾದ ಬೇರೆ ಜಿಲ್ಲೆಗಳೂ ಇದೇ ಮಾದರಿ ಹಿಡಿದವು. ದೇಖಾ ಅವರಿಗೆ 2007ರಲ್ಲಿ, ಪರ್ಯಾಯ ನೊಬೆಲ್ ಎಂದು ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2011ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಇದು ಆಫ್ರಿಕಾದ ಕತೆ, ನಮಗೆ ಒಗ್ಗುತ್ತದಾ ಅನ್ನಿಸಬಹುದು. ಮುಂಬೈ ಪಕ್ಕದ ಭಿವಂಡಿ ನೋಡಿ. ಮಗ್ಗಗಳ ಊರು. 1970ರಲ್ಲಿ, ಮತ್ತೆ 1984ರಲ್ಲಿ ಅಲ್ಲಿ ಭೀಕರ ಗಲಭೆ ಆಗಿತ್ತು. 1988ರ ಹೊತ್ತಿಗೆ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪ್ಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂ, ಮುಸ್ಲಿಂ ಎರಡೂ ಕಡೆಯವರು ಒಂದೇ ಸಮಿತಿಯಲ್ಲಿ. ಬರೀ ಊರಿನ ದೊಡ್ಡ ಮನುಷ್ಯರಲ್ಲ, ಸಾಮಾನ್ಯ ಜನ. ಚರಂಡಿ ಜಗಳ, ಬಾಡಿಗೆ ಜಗಳ ಇಂಥವೂ ಅಲ್ಲೇ ಚರ್ಚೆಗೆ ಬರುತ್ತಿದ್ದವು. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಕೆಡವಿದ ನಂತರ ಮುಂಬೈ ಹೊತ್ತಿ ಉರಿಯಿತು, ಶ್ರೀಕೃಷ್ಣ ಆಯೋಗದ ಲೆಕ್ಕದಂತೆ 900 ಜನ ಸತ್ತರು. ಭಿವಂಡಿ ತಣ್ಣಗಿತ್ತು. ಆದರೆ ಒಮ್ಮೆ ಕಟ್ಟಿದ ಸಮಿತಿ ಸದಾ ಕಾಯುತ್ತದೆ ಎಂದುಕೊಳ್ಳಬೇಡಿ. 2006ರಲ್ಲಿ ಅದೇ ಊರಿನಲ್ಲಿ, ಕಬರಸ್ಥಾನದ ಪಕ್ಕ ಠಾಣೆ ಕಟ್ಟುವ ವಿಚಾರಕ್ಕೆ ಗಲಭೆ ಆಗಿ ಇಬ್ಬರು ಪೊಲೀಸರು ಸತ್ತರು.

ಈಗ ನಮ್ಮೂರಿನದು. ಮೊದಲು ಸೋತಿದ್ದು ಹೇಳುತ್ತೇನೆ. ಒಂದು ಹಬ್ಬದ ಹಿಂದಿನ ಶನಿವಾರ ಹಣ್ಣಿನ ಗಾಡಿಯವರೊಬ್ಬರು ನನ್ನ ಅಂಗಡಿಗೆ ಬಂದು, ಅಣ್ಣಾ, ದಿನಾ ಬರುವ ಗಿರಾಕಿಗಳು ಈ ವಾರ ಮುಖ ತಿರುಗಿಸಿ ಹೋಗುತ್ತಿದ್ದಾರೆ ಅಂದರು. ಆಟೋ ಸ್ಟ್ಯಾಂಡಿನಲ್ಲಿ ಎರಡು ಸಾಲು ಆಗಿತ್ತು. ಹಿಂದೆ ಯಾವತ್ತೂ ಒಂದೇ ಸಾಲು. ನಮಗೆ ಗೊತ್ತಾಯಿತು. ಸಂಜೆ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ. ಬೆಳಿಗ್ಗೆ ಹೋದರೆ ಆಗಲೇ ಗಾಡಿ ಮಗುಚಿ ಬಿದ್ದಿತ್ತು, ದಾಳಿಂಬೆ ರಸ್ತೆ ತುಂಬಾ ಒಡೆದು ಹೋಗಿತ್ತು. ಅವರು ಆಮೇಲೆ ನಮ್ಮೂರಿನಲ್ಲಿ ಗಾಡಿ ಹಾಕಲೇ ಇಲ್ಲ. ಸುಳಿವು ಸಿಗದೆ ನಾವು ಸೋಲಲಿಲ್ಲ. ಕೇಳಿಸಿಕೊಂಡು ಏಳುವವರು ಇರಲಿಲ್ಲ, ಅದಕ್ಕೇ ಸೋತೆವು. ಅವತ್ತಿನಿಂದ ನಾವು ಮಾಡಿದ ಮೊದಲ ಕೆಲಸ ಅಂದರೆ ಬೀಟ್ ಪೊಲೀಸ್, ಗ್ರಾಮ ಲೆಕ್ಕಿಗರು, ದೇವಸ್ಥಾನ ಮತ್ತು ಮಸೀದಿ ಕಮಿಟಿಯಿಂದ ಒಬ್ಬೊಬ್ಬರು, ಇವರೆಲ್ಲರ ಸ್ವಂತ ನಂಬರ್ ತೆಗೆದುಕೊಂಡು, ಏನೂ ಇಲ್ಲದ ದಿನವೂ ಮಾತಾಡುವ ರೂಢಿ ಇಟ್ಟುಕೊಂಡಿದ್ದು.

2018ರಲ್ಲಿ ಅದು ಫಲ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ಊರೂರು ಸುತ್ತುತ್ತಿತ್ತು. ಬೆಂಗಳೂರಿನಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರನ್ನು ಹೊಡೆದು ಕೊಂದ ವರ್ಷ. ಒಂದು ದಿನ ಹನ್ನೊಂದು ಗಂಟೆಗೆ ಅಂಗನವಾಡಿ ಸಹಾಯಕಿ ಅಕ್ಕ ಫೋನ್ ಮಾಡಿದರು. "ಅಣ್ಣಾ, ನಮ್ಮ ಬೀದಿಲಿ ಗಂಡಸರು ಸುಮ್ನೆ ನಿಂತವ್ರೆ. ಕೆಲಸಕ್ಕೆ ಹೋಗೋ ಹೊತ್ತಲ್ಲಿ ಹಿಂಗ್ ನಿಂತಿದ್ದು ನಾನು ನೋಡೇ ಇಲ್ಲ." ಕುಕ್ಕರ್ ರಿಪೇರಿ ಮಾಡುವ ಇಬ್ಬರು ಉತ್ತರ ಭಾರತದ ಹುಡುಗರು ಬೀದಿಗೆ ಬಂದಿದ್ದರು. ಅವರನ್ನು ನೋಡಿ ಯಾವುದೋ ಮಗು ಅತ್ತಿತ್ತು. ನಾನು ಬೀಟ್ ಪೊಲೀಸರಿಗೆ ಹೇಳಿ ಸ್ಕೂಟರ್ ತೆಗೆದುಕೊಂಡು ಓಡಿದೆ. ಹೋಗುವಷ್ಟರಲ್ಲಿ ಅಕ್ಕ ಆ ಇಬ್ಬರನ್ನೂ ಅಂಗನವಾಡಿ ಒಳಗೆ ಕೂರಿಸಿ, ಮಕ್ಕಳಿಗೆ ಮಾಡಿದ್ದ ಉಪ್ಪಿಟ್ಟು ತಟ್ಟೆಗೆ ಹಾಕಿಕೊಟ್ಟು, ಬಾಗಿಲಿಗೆ ಅಡ್ಡ ನಿಂತಿದ್ದರು. ಒಬ್ಬ ಹುಡುಗನ ಕೈ ನಡುಗಿ ತಟ್ಟೆ ಸದ್ದು ಮಾಡುತ್ತಿತ್ತು. ಹೊರಗೆ ನಲವತ್ತು ಜನ. ಪೊಲೀಸರು ಬಂದು ಆಧಾರ್ ಕಾರ್ಡ್ ನೋಡಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಹತ್ತು ನಿಮಿಷದಲ್ಲಿ ಬೀದಿ ಖಾಲಿ.

ಇದಕ್ಕೇ ಹೇಳುವುದು, ನಿಮ್ಮ ಸಮಿತಿಯಲ್ಲಿ ಹೆಂಗಸರು ಇರಲೇಬೇಕು. ಹೂವು ಮಾರುವವರು, ಆಶಾ ಕಾರ್ಯಕರ್ತೆಯರು, ಬಿಸಿಯೂಟದವರು. ನಮ್ಮ ಕಡೆ ಶಾಂತಿ ಸಭೆಗೆ ಕರೆಯುವುದು ಬರೀ ಮುಖಂಡರನ್ನು, ಅಲ್ವಾ? ಮುಖಂಡರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಕಲ್ಲು ಕೈಗೆ ಬಂದಿರುತ್ತದೆ.

ಒಂದು ಎಚ್ಚರ. ಇದು ಪೊಲೀಸರಿಗೆ ಚಾಡಿ ಹೇಳುವ ಕೂಟ ಅಂತ ಒಮ್ಮೆ ಹೆಸರು ಬಂದರೆ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ನಾವು ಇಂಥವನ ಮಗ ಹೀಗಂದ ಅಂತ ಹೆಸರು ಹಿಡಿದು ದೂರುವುದಿಲ್ಲ. ಏನು ಬದಲಾಗಿದೆ ಎಂಬುದನ್ನಷ್ಟೇ ಹೇಳುತ್ತೇವೆ. ಹುಡುಗನ ವಿಚಾರ ಇದ್ದರೆ ಅವನ ಮನೆಗೇ ಹೋಗುತ್ತೇವೆ.

ಇನ್ನು ಆಪ್. ಕೆನ್ಯಾದಲ್ಲಿ 2007ರ ಕೊನೆಯಲ್ಲಿ ನಡೆದ ಚುನಾವಣೆ ನಂತರ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ, 2010ರಲ್ಲಿ ಹೊಸ ಸಂವಿಧಾನದ ಬಗ್ಗೆ ನಡೆದ ಜನಮತಗಣನೆ ಹೊತ್ತಿಗೆ ಉವಿಯಾನೋ ಎಂಬ ವೇದಿಕೆ ಮಾಡಿದರು. 108 ನಂಬರಿಗೆ ಪುಕ್ಕಟೆ ಎಸ್ಸೆಮ್ಮೆಸ್ ಕಳಿಸಬಹುದಿತ್ತು (ನಮಗೆ 108 ಅಂದರೆ ಆಂಬುಲೆನ್ಸ್). ಆ ಮೆಸೇಜ್ ನೋಡಿ ಸ್ಥಳಕ್ಕೆ ಹೋಗಲು ಜಿಲ್ಲೆಗಳಲ್ಲಿ ಶಾಂತಿ ಸಮಿತಿಗಳು ಮೊದಲೇ ಇದ್ದವು. ಅವಿಲ್ಲದೆ ಬರೀ ನಂಬರ್ ಇದ್ದರೆ ಏನು ಮಾಡುತ್ತಿದ್ದರು? 2012ರ ಆಗಸ್ಟ್ ನೆನಪಿದೆಯಾ? ಬೆಂಗಳೂರಿನಿಂದ ಈಶಾನ್ಯದ ಹುಡುಗ ಹುಡುಗಿಯರು ಗುವಾಹಟಿ ರೈಲು ಹತ್ತಿ ಸಾವಿರಗಟ್ಟಲೆ ಓಡಿದ್ದು ಮೊಬೈಲಿನ ಸುಳ್ಳು ಮೆಸೇಜ್‌ಗಳಿಗೆ. ಸರ್ಕಾರ ಒಟ್ಟೊಟ್ಟಿಗೆ ಎಸ್ಸೆಮ್ಮೆಸ್ ಕಳಿಸುವುದಕ್ಕೇ ಕಡಿವಾಣ ಹಾಕಬೇಕಾಯಿತು. ಊರ ಗ್ರೂಪಿನಲ್ಲಿ ಸುಳಿವು ಹಾಕಿದರೆ ಅದೇ ಗಾಳಿಸುದ್ದಿ ಆಗುತ್ತದೆ. ಆಪ್ ದುಡ್ಡು ಉಳಿಸಿ, ಫೋನ್ ಮಾಡಿ.

ಹಬ್ಬಕ್ಕೆ ಎರಡು ತಿಂಗಳು ಇರುವಾಗ ಶುರು ಮಾಡಿ. ಕಳೆದ ಎರಡೂ ವರ್ಷ ಕಲ್ಲು ಎಲ್ಲಿಂದ ಬಂತು, ಹಿಂದಿನ ವಾರ ಆ ಬೀದಿಯಲ್ಲಿ ಏನು ಬದಲಾಗಿತ್ತು ಅಂತ ಅಲ್ಲಿನ ಅಂಗಡಿಯವರನ್ನು, ಮನೆಯ ಹೆಂಗಸರನ್ನು ಕೂತು ಕೇಳಿ. ಅವರಿಗೆ ನೆನಪಿರುತ್ತದೆ. ಯಾವ ಕಡೆ ಊರು ಅಂತ ಇಲ್ಲಿ ಬರೆಯಿರಿ. ಹತ್ತಿರ ಇದ್ದರೆ ಆ ಅಕ್ಕನನ್ನೂ ಕರೆದುಕೊಂಡು ಒಂದು ಭಾನುವಾರ ಬರುತ್ತೇನೆ.