ಜಯವಿಜಯರ ಕತೆಯನ್ನು ನೀವು ಅರ್ಧಕ್ಕೇ ನಿಲ್ಲಿಸಿದ್ದೀರಿ

ಪ್ರಿಯ ಮಿತ್ರರೇ,

ನಮಸ್ಕಾರ. ‘ಮೆಟಲ್ ಲೋಕದ ಜಯವಿಜಯರು’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರಗಳಾದವು. ಹೆವಿ ಮೆಟಲ್ ಎಂಬ ಗಡಸು ರಾಕ್ ಸಂಗೀತದ ಅಭಿಮಾನಿಗಳು ಯಾವ ತಂಡ ಯಾವ ಪ್ರಕಾರಕ್ಕೆ ಸೇರಬೇಕೆಂದು ಜಗಳಾಡುವುದನ್ನೂ ಹೊಸದಾಗಿ ಕೇಳಲು ಬಂದವರನ್ನು ‘ಪೋಸರ್’, ಅಂದರೆ ಬರಿಯ ವೇಷಧಾರಿ, ಎಂದು ಜರೆದು ಹೊರಗಟ್ಟುವುದನ್ನೂ ಕುರಿತು ಕನ್ನಡದಲ್ಲಿ ಬರೆಯುವವರು ಕಡಿಮೆ. ನೀವು ಬರೆದಿದ್ದೀರಿ, ಸಂತೋಷ. ಶೀರ್ಷಿಕೆ ಚೆನ್ನಾಗಿದೆ, ಕಾಗುಣಿತ ಶುದ್ಧವಾಗಿದೆ. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಇಂಥ ಉತ್ತರವನ್ನು ಎರಡು ಸಾಲಿನಲ್ಲಿ ಮುಗಿಸುವುದು ನನ್ನ ಅಭ್ಯಾಸ; ಈ ಸಲ ಉದ್ದಕ್ಕೆ ಬರೆಯುತ್ತಿದ್ದೇನೆಂದರೆ ನಿಮ್ಮ ಲೇಖನ ನನ್ನನ್ನು ಕೆರಳಿಸಿತು ಎಂದೇ ತಿಳಿಯಿರಿ.

ಏಳನೆಯ ಸಾಲಿನಲ್ಲಿ ಹೀಗಿದೆ: ‘ಬೇ ಏರಿಯಾದ ಥ್ರ್ಯಾಶ್, ಫ್ಲಾರಿಡಾದ ಡೆತ್ ಮೆಟಲ್ ಮತ್ತು ನಾರ್ವೆಯ ಬ್ಲ್ಯಾಕ್ ಮೆಟಲ್‌ಗಳ ನಡುವಿನ ವ್ಯತ್ಯಾಸ ಎಲ್ಲರಿಗೂ ಗೊತ್ತಿರುವುದೇ.’ ಯಾರಿಗೆ ಗೊತ್ತಿದೆ? ನಮ್ಮ ಓದುಗರಲ್ಲಿ ಈ ಮೂರನ್ನೂ ಕೇಳಿ ಬೆಳೆದವರಿದ್ದಾರೆ. ಮೂರರ ಹೆಸರನ್ನೂ ಕೇಳದವರು ಅವರಿಗಿಂತ ಹೆಚ್ಚಿದ್ದಾರೆ. ಬಾಗಿಲು ಕಾಯುವವರನ್ನು ಬಯ್ಯಲು ಹೊರಟ ಲೇಖನವೇ ಏಳನೆಯ ಸಾಲಿನಲ್ಲಿ ಓದುಗನ ಎದೆಗೆ ಕೈ ಅಡ್ಡ ಹಿಡಿಯುತ್ತದೆ. ಅಲ್ಲಿ ನಾಲ್ಕು ವಾಕ್ಯ ಬರೆದಿದ್ದರೆ ಸಾಕಿತ್ತು. ಬೇ ಏರಿಯಾ ಎಂದರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಪ್ರದೇಶ. ಬಲ ಅಂಗೈಯ ಅಂಚನ್ನು ತಂತಿಗಳ ಮೇಲೆ ಒತ್ತಿಟ್ಟು ವೇಗವಾಗಿ ಮೀಟಿದಾಗ ಹೊರಡುವ ಗಿಡ್ಡನೆಯ, ಕತ್ತರಿಸಿದಂಥ ಸದ್ದು ಥ್ರ್ಯಾಶ್‌ನ ಬೆನ್ನೆಲುಬು. ಡೆತ್ ಮೆಟಲ್‌ನಲ್ಲಿ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ಕೆಳಗಿಳಿಸುತ್ತಾರೆ, ಹಾಡುವವನ ದನಿ ಹೊಟ್ಟೆಯಾಳದ ಗುರುಗುಟ್ಟುವಿಕೆಯಾಗುತ್ತದೆ. ನಾರ್ವೆಯವರು ಗಿಟಾರಿನ ದಪ್ಪವನ್ನು ತೆಗೆದುಹಾಕಿ, ಎಡೆಬಿಡದೆ ಮೀಟಿ, ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯಂಥ ಸದ್ದನ್ನು ಕಟ್ಟಿ, ರೆಕಾರ್ಡಿಂಗನ್ನು ಬೇಕೆಂದೇ ಒರಟಾಗಿ ಬಿಟ್ಟರು. ಇದನ್ನು ಓದಿದವರಿಗೆ ಪಂಡಿತರಾಗಲು ಸಾಧ್ಯವಿಲ್ಲ, ನಿಜ. ಆದರೆ ಮುಂದಿನ ಜಗಳ ಯಾವುದರ ಬಗ್ಗೆ ಎಂಬುದಾದರೂ ತಿಳಿಯುತ್ತದೆ.

ಮೂರನೆಯ ಪ್ಯಾರಾದಲ್ಲಿ ‘ಡೆಫ್‌ಹೆವನ್ ನಿಜವಾದ ಬ್ಲ್ಯಾಕ್ ಮೆಟಲ್ ಅಲ್ಲ ಎಂಬುದು ನಿರ್ವಿವಾದ’ ಎಂದಿದ್ದೀರಿ. ವಿವಾದದ ಬಗ್ಗೆ ಬರೆದ ಲೇಖನದಲ್ಲಿ ‘ನಿರ್ವಿವಾದ’ ಎಂಬ ಪದವನ್ನು ಕಂಡು ನಕ್ಕೆ. ಸ್ಯಾನ್ ಫ್ರಾನ್ಸಿಸ್ಕೊದ ಈ ತಂಡ 2013ರಲ್ಲಿ ಗುಲಾಬಿ ಬಣ್ಣದ ಹೊದಿಕೆಯ ಆಲ್ಬಂ ತಂದಾಗ ಎದ್ದ ಗದ್ದಲದಲ್ಲಿ ಸಂಗೀತದ ಮಾತು ಎಷ್ಟಿತ್ತೋ ಹೊದಿಕೆಯ ಬಣ್ಣದ, ಕಲಾವಿದರ ಕ್ರಾಪಿನ ಮಾತು ಅಷ್ಟೇ ಇತ್ತು. ನೀವು ಹೊದಿಕೆಯ ಬಣ್ಣವನ್ನು ಮೂರು ಸಲ ಹೇಳಿದ್ದೀರಿ. ಅದರೊಳಗಿನ ಡ್ರಮ್ಮಿನ ವೇಗವನ್ನಾಗಲಿ, ಆ ಕಿರುಚು ದನಿಯನ್ನಾಗಲಿ ಒಂದು ಸಲವೂ ಹೇಳಿಲ್ಲ.

ಇನ್ನು ಆ ‘ನಿಜವಾದ’. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುತ್ತ ಹೋದೆ, ಹನ್ನೊಂದು ಕಡೆ ಸಿಕ್ಕಿತು. ಒಂದೆಡೆ ಅದರ ಅರ್ಥ ‘ಹಳೆಯದು’, ಇನ್ನೊಂದೆಡೆ ‘ಹೆಚ್ಚು ಮಾರಾಟವಾಗದ್ದು’, ಮತ್ತೊಂದೆಡೆ ‘ನಾರ್ವೆಯದು’. ‘1991ರ ಆಲ್ಬಂನ ನಂತರ ಮೆಟಾಲಿಕಾ ನಿಜವಾದ ಮೆಟಲ್ ತಂಡವಾಗಿ ಉಳಿಯಲಿಲ್ಲ’ ಎನ್ನುತ್ತೀರಿ. ಅದೇ ತಂಡ 1984ರ ತನ್ನ ಎರಡನೆಯ ಆಲ್ಬಂನಲ್ಲಿ ಅಕೂಸ್ಟಿಕ್ ಗಿಟಾರಿನಿಂದ ತೊಡಗುವ ನಿಧಾನಗತಿಯ ಹಾಡೊಂದನ್ನು ಸೇರಿಸಿದಾಗಲೇ ‘ಇವರು ಹಣಕ್ಕೆ ತಮ್ಮನ್ನು ಮಾರಿಕೊಂಡರು’ ಎಂದು ಮುನಿದವರಿದ್ದರು. ಅವರ ಪಾಲಿಗೆ ನಿಮ್ಮ 1991 ಏಳು ವರ್ಷ ತಡ. ಬ್ಲ್ಯಾಕ್ ಮೆಟಲ್ ಎಂಬ ಹೆಸರು ಬಂದದ್ದೇ ಇಂಗ್ಲೆಂಡಿನ ವೆನಮ್ ತಂಡದ 1982ರ ಆಲ್ಬಂನಿಂದ, ಆದರೆ ನಿಮ್ಮ ವ್ಯಾಖ್ಯೆಯನ್ನು ಒಪ್ಪಿದರೆ ಹೆಸರಿಟ್ಟವರೇ ಆ ಪಂಕ್ತಿಯಿಂದ ಎದ್ದುಹೋಗಬೇಕಾಗುತ್ತದೆ. ನೀವು ಆದರ್ಶವಾಗಿ ಎತ್ತಿಹಿಡಿದಿರುವ ಡಾರ್ಕ್‌ಥ್ರೋನ್ 1991ರ ಮೊದಲ ಆಲ್ಬಂನಲ್ಲಿ ನುಡಿಸಿದ್ದು ಡೆತ್ ಮೆಟಲ್, 1992ರ ಎರಡನೆಯದರಲ್ಲಿ ಬ್ಲ್ಯಾಕ್ ಮೆಟಲ್. ಇಷ್ಟು ಜಾರುವ ವಸ್ತುವಿನ ಮೇಲೆ ‘ನಿಜವಾದ’ ಎಂಬ ಮೊಹರು ನಿಲ್ಲುವುದಾದರೂ ಹೇಗೆ?

ಈ ಪದದ ಮೇಲೆ ನನಗಿರುವ ಸಿಟ್ಟು ಹಳೆಯದು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನ ವಾರಪತ್ರಿಕೆಯೊಂದರಲ್ಲಿ ಟ್ರೇನಿಯಾಗಿದ್ದೆ. ಕಾಲೇಜೊಂದರ ರಾಕ್ ಸ್ಪರ್ಧೆಯ ವರದಿಯಲ್ಲಿ ‘ಅಪ್ಪಟ ಥ್ರ್ಯಾಶ್’ ಎಂದು ನಾಲ್ಕು ಸಲ ಬರೆದಿದ್ದೆ. ಕುಂದಾಪುರ ಕಡೆಯ ಹಿರಿಯ ಉಪಸಂಪಾದಕರೊಬ್ಬರು ಕರೆದು, ‘ತೆಂಕುತಿಟ್ಟು, ಬಡಗುತಿಟ್ಟು ಎಂದು ಬರೆದ ಮಾತ್ರಕ್ಕೆ ಚಂಡೆಯ ಪೆಟ್ಟು ಕೇಳಿಸುತ್ತದೆಯೇ ಮಾರಾಯ?’ ಎಂದರು. ಮರುದಿನ ನನ್ನ ವಾಕ್‌ಮನ್ ತರಿಸಿಕೊಂಡು, ಇಂಗ್ಲಿಷ್ ಹಾಡೆಂದರೆ ಮೂಗು ಮುರಿಯುತ್ತಿದ್ದ ಅವರು ಕ್ಯಾಸೆಟ್ಟಿನ ಒಂದು ಬದಿಯನ್ನು ಪೂರ್ತಿ ಕೇಳಿದರು. ಆಮೇಲೆ, ‘ಗಿಟಾರನ್ನು ಮದ್ದಳೆಯ ಹಾಗೆ ಒತ್ತಿ ನುಡಿಸುತ್ತಾನಲ್ಲ’ ಎಂದರು. ಆರು ವರ್ಷ ಕೇಳಿದ್ದರೂ ನಾನು ಗಮನಿಸದಿದ್ದ ಕೈಯನ್ನು ಅವರು ಅರ್ಧ ಗಂಟೆಯಲ್ಲಿ ಕಿವಿಯಿಂದಲೇ ಕಂಡಿದ್ದರು. ನನ್ನ ವರದಿಯಲ್ಲಿ ಕೊನೆಗೆ ಉಳಿದದ್ದು ಅವರ ಆ ವಾಕ್ಯ ಮಾತ್ರ. ಅದಕ್ಕೆ ನನ್ನ ಹೆಸರು ಹಾಕಿ ಅಚ್ಚು ಮಾಡಿದರು.

ನಿಮ್ಮ ಕೊನೆಯ ಪ್ಯಾರಾ ಈ ‘ನಿಜವಾದ’ದ ಹಟಕ್ಕೆ ತದ್ವಿರುದ್ಧವಾಗಿ, ‘ಪ್ರಕಾರಗಳ ಹೆಸರೇ ಬೇಡ, ಸಂಗೀತವೆಲ್ಲ ಒಂದೇ’ ಎನ್ನುತ್ತದೆ. ಹನ್ನೊಂದು ಸಲ ಮೊಹರು ಒತ್ತಿದ ಕೈಯೇ ಈಗ ಮೊಹರನ್ನು ಬಾವಿಗೆ ಎಸೆಯುತ್ತಿದೆ. ಹೆಸರುಗಳಿಂದಲೂ ಉಪಕಾರವಾಗಿದೆ, ಮಿತ್ರರೇ. 1979ರ ಮೇ ತಿಂಗಳಲ್ಲಿ ಲಂಡನ್ನಿನ ‘ಸೌಂಡ್ಸ್’ ವಾರಪತ್ರಿಕೆ, ಏಂಜೆಲ್ ವಿಚ್, ಐರನ್ ಮೇಡನ್, ಸ್ಯಾಮ್ಸನ್ ತಂಡಗಳು ಒಟ್ಟಿಗೆ ನುಡಿಸಿದ ಕಛೇರಿಯೊಂದರ ಬಗ್ಗೆ ಜೆಫ್ ಬಾರ್ಟನ್ ಬರೆದ ವರದಿಗೆ ‘ಬ್ರಿಟಿಷ್ ಹೆವಿ ಮೆಟಲ್‌ನ ಹೊಸ ಅಲೆ’ ಎಂಬರ್ಥದ ಹೆಸರು ಕೊಟ್ಟಿತು. ಆ ಹೆಸರನ್ನು ಹೊಸೆದವರು ಸಂಗೀತಗಾರರಲ್ಲ, ಪತ್ರಿಕೆಯ ಸಂಪಾದಕ ಅಲನ್ ಲೂಯಿಸ್. (ಹೀಗೆ ಈ ಪಾಪದಲ್ಲಿ ನಮ್ಮ ವೃತ್ತಿಗೂ ಪಾಲಿದೆ.) ಅದರಡಿ ಬಂದ ತಂಡಗಳ ಸದ್ದು ಒಂದೇ ಬಗೆಯದಾಗಿರಲಿಲ್ಲ. ಆದರೂ ಲಾಸ್ ಏಂಜಲೀಸ್ ಬಳಿ ನೆಲೆಸಿದ್ದ ಲಾರ್ಸ್ ಉಲ್ರಿಕ್ ಎಂಬ ಡ್ಯಾನಿಶ್ ಹುಡುಗ ಆ ಅಲೆಯ ರೆಕಾರ್ಡುಗಳನ್ನು ಹುಡುಕಿ ಹುಡುಕಿ ಕೇಳಿ, 1981ರಲ್ಲಿ ಡೈಮಂಡ್ ಹೆಡ್ ತಂಡವನ್ನು ನೋಡಲೆಂದೇ ಇಂಗ್ಲೆಂಡಿಗೆ ಹೋದ. ಅದೇ ವರ್ಷ ಮರಳಿ ಬಂದು ಮೆಟಾಲಿಕಾ ಕಟ್ಟಿದ. ದಾರಿಯ ಹಲಗೆಯಾಗಿ ಕೆಲಸ ಮಾಡುವ ಹೆಸರು ಬಾಗಿಲಿನ ಅಗುಳಿಯಾಗುವುದು ಯಾವಾಗ ಎಂಬುದನ್ನು ನೀವು ಕೇಳಿಕೊಳ್ಳಬೇಕಿತ್ತು.

ಕೇಳಿಕೊಂಡಿದ್ದರೆ ಬಾಗಿಲು ಕಾಯುವವರನ್ನು ‘ಅಹಂಕಾರಿಗಳು’ ಎಂಬ ಒಂದೇ ಪದದಲ್ಲಿ ಮುಗಿಸುತ್ತಿರಲಿಲ್ಲ. ಶೀರ್ಷಿಕೆಗೆ ಜಯವಿಜಯರನ್ನು ಕರೆದುತಂದ ನೀವು, ವೈಕುಂಠದ ಏಳನೆಯ ಬಾಗಿಲಲ್ಲಿ ಅವರು ಸನಕಾದಿಗಳನ್ನು ಎಳೆಯ ಹುಡುಗರೆಂದು ತಡೆದ ಭಾಗವನ್ನಷ್ಟೇ ಬಳಸಿಕೊಂಡಿದ್ದೀರಿ. ಶಾಪ ಬಿದ್ದ ಮೇಲೆ, ಭಕ್ತರಾಗಿ ಏಳು ಜನ್ಮ ದೂರವಿರುವುದಕ್ಕಿಂತ ವೈರಿಗಳಾಗಿ ಮೂರೇ ಜನ್ಮದಲ್ಲಿ ಮರಳುತ್ತೇವೆಂದು ಅವರು ಬೇಡಿಕೊಂಡದ್ದನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಆ ಬಾಗಿಲಿನ ಮೇಲೆ ಅವರಿಗೆ ಅಷ್ಟು ಪ್ರೀತಿ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟುಗಳನ್ನು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿ, ವಾರಗಟ್ಟಲೆ ಕಾದು, ಪ್ರತಿಯ ಪ್ರತಿಯನ್ನು ಕೇಳಿದ ತಲೆಮಾರಿಗೆ ಒಂದು ತಂಡದ ಹೆಸರು ತಿಳಿದಿರುವುದೇ ಗಳಿಕೆಯಾಗಿತ್ತು. ಕಷ್ಟಪಟ್ಟು ಗಳಿಸಿದ್ದು ಇನ್ನೊಬ್ಬರಿಗೆ ಪುಕ್ಕಟೆ ಸಿಕ್ಕಾಗ ಮನುಷ್ಯ ಸಣ್ಣವನಾಗುತ್ತಾನೆ.

ನಾನೂ ಆಗಿದ್ದೇನೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಸರದಿಯಲ್ಲಿ ನನ್ನ ಮುಂದೆ ಆ ತಂಡದ ಟೀಶರ್ಟ್ ತೊಟ್ಟ ಹುಡುಗಿಯೊಬ್ಬಳಿದ್ದಳು. ಹೊಚ್ಚ ಹೊಸ ಶರ್ಟು, ಮಡಿಕೆಯ ಗೆರೆಯೂ ಹೋಗಿರಲಿಲ್ಲ. ‘ಇವರ ಮೂರು ಆಲ್ಬಂ ಹೆಸರು ಹೇಳಮ್ಮ’ ಎಂದೆ. ಅವಳು ಉತ್ತರಿಸಲಿಲ್ಲ. ಬೆನ್ನಿಗಿದ್ದ ಚೀಲವನ್ನು ತೆಗೆದು, ಶರ್ಟಿನ ಚಿತ್ರ ಕಾಣದಂತೆ ಎದೆಗವಚಿಕೊಂಡು ನಿಂತಳು. ಸರದಿ ಗೇಟು ತಲುಪುವವರೆಗೂ ಹಾಗೆಯೇ ನಿಂತಿದ್ದಳು.

ನಿಮ್ಮ ಹದಿನಾಲ್ಕು ಪುಟಗಳಲ್ಲಿ ಇಂಥ ಒಬ್ಬರೂ ಇಲ್ಲ, ತಡೆದವರೂ ಇಲ್ಲ, ತಡೆಸಿಕೊಂಡವರೂ ಇಲ್ಲ. ‘ನಿಜವಾದ’ ಎಂಬುದನ್ನು ಹನ್ನೊಂದು ಕಡೆಯೂ ಹೊಡೆದುಹಾಕಿ, ಆ ಜಾಗದಲ್ಲಿ ನಿಮಗೆ ಕೇಳಿಸಿದ್ದನ್ನು ಬರೆಯಿರಿ. ಕೊನೆಯ ಪ್ಯಾರಾವನ್ನು ಕೈಬಿಡಿ. ತಿದ್ದಿದ ಪ್ರತಿಯನ್ನು ಎರಡು ತಿಂಗಳೊಳಗೆ ಕಳಿಸಿದರೆ ಖಂಡಿತ ಓದುತ್ತೇನೆ. ಮೊದಲು ನೋಡುವುದು ಏಳನೆಯ ಸಾಲನ್ನು.

ವಿಶ್ವಾಸದಿಂದ,
ಸಂಪಾದಕ