ಕಟಿಂಗ್ ಟೇಬಲ್ ಮೇಲಿನ ರೋಬೋಟ್

ಓದುಗರ ಪ್ರಶ್ನೆ, ಟೀಚರ್ ಉತ್ತರ

ಹೋದ ಸಂಚಿಕೆಯಲ್ಲಿ ನಮ್ಮ ಮಕ್ಕಳ ರೋಬೋಟ್ ತಂಡದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಮೈದುನನ ಜೀನ್ಸ್ ಹೊಲಿಯುವ ಯೂನಿಟ್ ಇದೆ. ಸಂಜೆ ಕೆಲಸ ಮುಗಿದ ಮೇಲೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎಂಟು ಮಕ್ಕಳು ರೋಬೋಟ್ ಓಡಿಸುತ್ತಾರೆ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ! ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದೆ, ಕ್ಲಾಸಿನಲ್ಲಿ ಯಾರೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಟೀಚರ್, ಮಗಳು ಏಳನೇ ಕ್ಲಾಸು. ‘ಫಸ್ಟ್ ಲೆಗೊ ಲೀಗ್’ ಅಂತ ರೋಬೋಟ್ ಸ್ಪರ್ಧೆಗೆ ಹೆಸರು ಕೊಟ್ಟು ಬಂದಿದ್ದಾಳೆ. ಟಿವಿಯಲ್ಲಿ ತೋರಿಸ್ತಾರಲ್ಲ, ರೋಬೋಟ್‌ಗಳು ಗುದ್ದಾಡಿ ಕಿಡಿ ಹಾರಿಸೋದು, ಅದೇನಾ? ನನಗೆ ಹೆದರಿಕೆ. ಖರ್ಚು ಬೇರೆ ಎಷ್ಟೋ ಏನೋ.
ಒಬ್ಬ ತಾಯಿ, ಗಂಗಾವತಿ

ಅದಲ್ಲಮ್ಮ, ಧೈರ್ಯವಾಗಿರಿ. ಇಲ್ಲಿ ಗುದ್ದಾಟ ಇಲ್ಲ. ‘ಫಸ್ಟ್’ ಅನ್ನುವುದು ಅಮೆರಿಕದ ಡೀನ್ ಕೇಮನ್ 1989ರಲ್ಲಿ ಕಟ್ಟಿದ ಸಂಸ್ಥೆ. ಲೆಗೊ ಕಂಪನಿಯ ಜೊತೆ ಸೇರಿ ಚಿಕ್ಕ ಮಕ್ಕಳಿಗೆ ಈ ಲೀಗ್ ಶುರುವಾಗಿದ್ದು 1998ರಲ್ಲಿ.

ಆಟ ಹೀಗೆ. ಸುಮಾರು ಎಂಟಡಿ ಉದ್ದ, ನಾಲ್ಕಡಿ ಅಗಲದ ಮೇಜು. ಸುತ್ತ ಗೋಡೆಯ ಹಾಗೆ ಮರದ ಪಟ್ಟಿ. ಮೇಲೆ ಚಿತ್ರ ಅಚ್ಚು ಹಾಕಿದ ಮ್ಯಾಟ್. ಅದರ ಮೇಲೆ ಅಲ್ಲಲ್ಲಿ ಲೆಗೊ ತುಂಡುಗಳಿಂದ ಕಟ್ಟಿದ ಮಾಡೆಲ್‌ಗಳು. ಒಂದೊಂದು ಮಾಡೆಲ್‌ನಲ್ಲೂ ರೋಬೋಟ್ ಮಾಡಬೇಕಾದ ಕೆಲಸ ಇರುತ್ತದೆ, ಅದಕ್ಕೆ ಮಿಷನ್ ಅನ್ನುತ್ತಾರೆ. ಸಿಗುವುದು ಎರಡೂವರೆ ನಿಮಿಷ. ರಿಮೋಟ್ ಹಿಡಿಯುವ ಹಾಗಿಲ್ಲ. ಮಕ್ಕಳು ಮೊದಲೇ ಬರೆದಿಟ್ಟ ಪ್ರೋಗ್ರಾಂ ಪ್ರಕಾರ ರೋಬೋಟ್ ತಾನೇ ಓಡಬೇಕು.

ಕಬಡ್ಡಿ ನೋಡಿದ್ದೀರಲ್ಲ? ಹಾಗೇ ಅಂದುಕೊಳ್ಳಿ. ಮೇಜಿನ ಎಡಕ್ಕೊಂದು, ಬಲಕ್ಕೊಂದು ‘ಹೋಮ್’ ಇರುತ್ತದೆ. ರೋಬೋಟ್ ಅಲ್ಲಿಂದ ಹೊರಟು, ಕೆಲಸ ಮುಗಿಸಿ, ವಾಪಸ್ ಬರಬೇಕು. ಹೋಮ್‌ನಲ್ಲಿದ್ದಾಗ ಮಕ್ಕಳು ಅದನ್ನು ಮುಟ್ಟಬಹುದು, ಮುಂದಿನ ಕೊಕ್ಕೆಯನ್ನೋ ತೋಳನ್ನೋ ಬದಲಿಸಿ ಮತ್ತೆ ಬಿಡಬಹುದು. ಹೊರಗಡೆ ಸಿಕ್ಕಿಕೊಂಡಾಗ ಎತ್ತಿಕೊಂಡು ಬಂದರೆ ಮಾತ್ರ ದಂಡ. ಶುರುವಿನಲ್ಲಿ ಆರು ಟೋಕನ್ ಇರುತ್ತವೆ, ಅವಕ್ಕೆ 50 ಅಂಕ. ಹೊರಗೆ ಒಂದು ಸಲ ಕೈ ಹಾಕಿದರೆ ಒಂದು ಟೋಕನ್ ಹೋಗುತ್ತದೆ, ಅಂಕ 50ರಲ್ಲೇ ನಿಲ್ಲುತ್ತದೆ. ಎರಡನೇ ಸಲಕ್ಕೆ 35ಕ್ಕೆ ಇಳಿಯುತ್ತದೆ. ಮೊದಲ ತಪ್ಪಿಗೆ ಮಾಫಿ ಇದೆ ಅನ್ನಿ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ರೋಬೋಟ್ ಕಟ್ಟುವ ಕಿಟ್ ಒಂದಕ್ಕೇ ಹತ್ತಾರು ಸಾವಿರ ಆಗುತ್ತದೆ. ಒಂದು ಮನೆಯವರು ಹೊರುವ ಭಾರ ಅಲ್ಲ ಅದು. ಆದರೆ ತಂಡದಲ್ಲಿ ಹತ್ತು ಮಕ್ಕಳವರೆಗೆ ಇರಬಹುದು, ಕಿಟ್ ಒಂದೇ ಸಾಕು. ಹತ್ತಿರದ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ವಿಚಾರಿಸಿ. ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಅಂತಲೇ ನೀತಿ ಆಯೋಗದ ಕಡೆಯಿಂದ ಬಂದ ಲ್ಯಾಬ್ ಅದು. ಎಷ್ಟೋ ಕಡೆ ಬೀಗ ಹಾಕಿಯೇ ಇಟ್ಟಿರುತ್ತಾರೆ. ನಾಲ್ಕು ಜನ ತಾಯಂದಿರು ಒಟ್ಟಿಗೆ ಹೋಗಿ ಕೇಳಿದರೆ ಬೀಗ ಬೇಗ ತೆಗೆಯುತ್ತದೆ, ಇದು ನನ್ನ ಅನುಭವ.

ಪ್ರಶ್ನೆ: ನಾನು ಎಂಟನೇ ಕ್ಲಾಸ್. ನಮ್ಮ ರೋಬೋಟ್ ಶಾಲೆಯಲ್ಲಿ ನೆಟ್ಟಗೆ ಹೋಗುತ್ತದೆ. ಬೇರೆ ಕಡೆ ಹೋದರೆ ಸೊಟ್ಟ ಹೋಗುತ್ತದೆ. ಪ್ರೋಗ್ರಾಂ ಅದೇ ಇದೆ. ಯಾಕೆ ಟೀಚರ್?
ಒಬ್ಬ ವಿದ್ಯಾರ್ಥಿ, ಸಿಂಧನೂರು

ತಮ್ಮಾ, ಈ ಪ್ರಶ್ನೆಗೆ ನಿನಗೆ ಒಂದು ಮಿರ್ಚಿ ಮಂಡಕ್ಕಿ ಕೊಡಿಸಬೇಕು. ಎಲ್ಲ ತಂಡದವರೂ ಅಳುವುದು ಇಲ್ಲೇ.

ಮೊದಲು ಬಟ್ಟೆ ಒದ್ದೆ ಮಾಡಿ ಚಕ್ರ ಒರೆಸು. ನಗಬೇಡ. ನಮ್ಮ ಕಡೆಯ ಧೂಳು ನಿನಗೆ ಗೊತ್ತೇ ಇದೆ. ಸಂಡೂರಿನ ಕಡೆಯಿಂದ ಬಂದ ಮಗುವಿನ ಚಪ್ಪಲಿ ನೋಡಿದರೆ ಊರು ಹೇಳಬಹುದು, ಅಷ್ಟು ಕೆಂಪು. ರಬ್ಬರಿಗೆ ಧೂಳು ಹತ್ತಿದರೆ ಚಕ್ರ ಜಾರುತ್ತದೆ. ಚಕ್ರ ಒಂದು ಸುತ್ತು ತಿರುಗಿದೆ ಅಂತ ಮೋಟಾರ್ ಲೆಕ್ಕ ಹಾಕಿರುತ್ತದೆ, ರೋಬೋಟ್ ಅಷ್ಟು ದೂರ ಹೋಗಿರುವುದಿಲ್ಲ.

ಆಮೇಲೆ ನಿನ್ನ ಪ್ರೋಗ್ರಾಂ ತೆಗೆದು ನೋಡು. ‘ಎರಡು ಸೆಕೆಂಡ್ ಮುಂದೆ ಹೋಗು’ ಅಂತ ಬರೆದಿದ್ದೀಯಾ? ಹಾಗಿದ್ದರೆ ಅಳಿಸಿಬಿಡು. ಬ್ಯಾಟರಿ ತುಂಬಿದ್ದಾಗ ಎರಡು ಸೆಕೆಂಡಿನಲ್ಲಿ ಹೋಗುವ ದೂರವೇ ಬೇರೆ, ಇಳಿದಾಗ ಹೋಗುವುದೇ ಬೇರೆ. ಸೆಕೆಂಡಿನ ಬದಲು ಸುತ್ತಿನ ಲೆಕ್ಕ ಬರೆ. ಲೆಗೊದ ಸ್ಪೈಕ್ ಪ್ರೈಮ್ ಅನ್ನುವ ರೋಬೋಟ್ ಕಿಟ್‌ನ ಚಿಕ್ಕ ಚಕ್ರದ ಅಡ್ಡಳತೆ 56 ಮಿಲಿಮೀಟರ್. ಒಂದು ಸುತ್ತಿಗೆ ಸುಮಾರು 17.5 ಸೆಂಟಿಮೀಟರ್ ಹೋಗುತ್ತದೆ. 70 ಸೆಂಟಿಮೀಟರ್ ಹೋಗಬೇಕಾ? ನಾಲ್ಕು ಸುತ್ತು. ಪೈ ಯಾಕೆ ಕಲಿಬೇಕು ಅಂತ ನಿಮ್ಮ ಕ್ಲಾಸಿನಲ್ಲಿ ಯಾರಾದರೂ ಕೇಳಿದರೆ ಈ ಚಕ್ರ ತೋರಿಸು.

ಇನ್ನೊಂದು. ರೋಬೋಟನ್ನು ಕಣ್ಣಳತೆಯಲ್ಲಿ ಇಡುತ್ತಿದ್ದೀಯ ಅಲ್ವಾ? ಹೊರಡುವಾಗ 3 ಡಿಗ್ರಿ ಓರೆ ಇದ್ದರೆ, 1 ಮೀಟರ್ ಹೋಗುವಷ್ಟರಲ್ಲಿ 5 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಮಾಡೆಲ್‌ನ ಹಿಡಿ ಇರುವುದೇ ಎರಡು ಬೆರಳಷ್ಟು! ಅದಕ್ಕೆ ಲೆಗೊ ತುಂಡುಗಳಿಂದಲೇ ಒಂದು ಅಚ್ಚು ಕಟ್ಟಿಕೊ. ಅದನ್ನು ಮೇಜಿನ ಗೋಡೆಗೆ ಒತ್ತಿ, ಅದಕ್ಕೆ ರೋಬೋಟ್ ತಾಗಿಸಿ, ಆಮೇಲೆ ಬಿಡು. ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಟ್ಟವಳು ನಾನಲ್ಲ, ಯೂನಿಟ್ಟಿನ ಕಟಿಂಗ್ ಮಾಸ್ಟರ್. ‘ಪ್ಯಾಟರ್ನ್ ಇಡದೆ ನಾನು ಒಂದು ಜೇಬೂ ಕತ್ತರಿಸಲ್ಲ, ನೀವು ಬರಿಗಣ್ಣಲ್ಲಿ ಇಡ್ತೀರಲ್ಲ’ ಅಂದ.

ರೋಬೋಟ್ ಒಳಗೆ ತಿರುವು ಅಳೆಯುವ ಜೈರೋ ಇರುತ್ತದೆ. ಆನ್ ಮಾಡುವಾಗ, ಸೊನ್ನೆ ಮಾಡುವಾಗ ಮೇಜನ್ನು ಅಲ್ಲಾಡಿಸಬೇಡಿ. ಬಣ್ಣ ನೋಡುವ ಸೆನ್ಸರ್ ಇದ್ದರೆ ಹೋದ ಕಡೆಯ ಬೆಳಕಿನಲ್ಲಿ ಕಪ್ಪು ಬಿಳುಪು ಮತ್ತೆ ಅಳತೆ ಮಾಡಿ. ಟ್ಯೂಬ್‌ಲೈಟ್ ಬೆಳಕಿಗೂ ಕಿಟಕಿ ಬೆಳಕಿಗೂ ತುಂಬಾ ವ್ಯತ್ಯಾಸ ಇದೆ.

ಇಷ್ಟೆಲ್ಲ ಆದ ಮೇಲೆ ಒಂದು ನೋಟ್‌ಬುಕ್ ಇಡು. ಒಂದೊಂದು ಮಿಷನ್ ಹತ್ತು ಸಲ ಓಡಿಸು, ಆದರೆ ಗೀಟು, ತಪ್ಪಿದರೆ ಸೊನ್ನೆ. ಹತ್ತಕ್ಕೆ ಒಂಬತ್ತು ಬಾರದ ಮಿಷನ್ನನ್ನು ನಮ್ಮ ಮಕ್ಕಳು ಪಂದ್ಯಕ್ಕೆ ಒಯ್ಯುವುದಿಲ್ಲ. ಮೊದಲ ವರ್ಷ ಒಯ್ದಿದ್ದರು. ಹನ್ನೊಂದು ಮಿಷನ್ ತಯಾರು ಮಾಡಿಕೊಂಡು ಹೋಗಿ, ಮೇಜಿನ ಮೇಲೆ ಆದದ್ದು ಮೂರು. ಮರುವರ್ಷ ಆರೇ ಒಯ್ದರು. ಆರೂ ಆದವು. ಪಂದ್ಯದಲ್ಲಿ ಮೂರು ಸುತ್ತು ಆಡಿಸಿ ಅದರಲ್ಲಿ ಜಾಸ್ತಿ ಬಂದ ಒಂದೇ ಅಂಕ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಮೊದಲ ಸುತ್ತಿನಲ್ಲೇ ಗಟ್ಟಿ ಅಂಕ ಕೈಗೆ ಬಂತೆಂದರೆ ಉಳಿದ ಎರಡರಲ್ಲಿ ಧೈರ್ಯ ಮಾಡಬಹುದು.

ಪ್ರಶ್ನೆ: ನಮ್ಮ ಶಾಲೆಯಿಂದ ತಂಡ ಮಾಡಿದ್ದೇವೆ. ರೋಬೋಟ್ ಜೊತೆಗೆ ‘ಇನ್ನೊವೇಶನ್ ಪ್ರಾಜೆಕ್ಟ್’ ಅಂತ ಒಂದಿದೆ. ಪುರಾತತ್ವದ ವಿಷಯವಂತೆ. ಸಮಯ ಸಾಲುತ್ತಿಲ್ಲ ಮೇಡಂ, ಇಂಟರ್‌ನೆಟ್‌ನಿಂದ ಏನಾದರೂ ತೆಗೆದು ಚಾರ್ಟ್ ಮಾಡಿದರೆ ನಡೆಯುತ್ತಾ?
ಒಬ್ಬ ಶಿಕ್ಷಕರು, ಮಸ್ಕಿ

ಮಸ್ಕಿಯಲ್ಲಿ ಕೂತು ಈ ಪ್ರಶ್ನೆ ಕೇಳುತ್ತೀರಲ್ಲ ಸರ್!

2025-26ರ ಸೀಸನ್ ಹೆಸರು ‘ಅನ್‌ಅರ್ಥ್ಡ್’. ನೆಲದಿಂದ ಅಗೆದು ತೆಗೆದದ್ದು ಅಂತ ಅರ್ಥ. ಅದರ ಹಿಂದಿನ ವರ್ಷ ಸಮುದ್ರದ ವಿಷಯ ಇತ್ತು. ನಮ್ಮ ಮಕ್ಕಳಲ್ಲಿ ಒಬ್ಬರೂ ಸಮುದ್ರ ನೋಡಿರಲಿಲ್ಲ, ತುಂಗಭದ್ರಾ ಡ್ಯಾಮಿನ ಹಿನ್ನೀರು ನೋಡಿಯೇ ಕಲ್ಪಿಸಿಕೊಂಡರು. ಈ ಸಲದ್ದು ನಮ್ಮ ಅಂಗಳದ್ದೇ. ಮ್ಯಾಟ್ ಮೇಲಿನ ಮಿಷನ್‌ಗಳನ್ನೇ ನೋಡಿ: ಮಣ್ಣು ಸವರಬೇಕು, ಬಿದ್ದ ಪ್ರತಿಮೆ ಎತ್ತಿ ನಿಲ್ಲಿಸಬೇಕು, ಆಸರೆ ಕಂಬ ಬೀಳದ ಹಾಗೆ ಹಳೇ ವಸ್ತು ಹೊರಗೆ ತೆಗೆಯಬೇಕು. ನನಗೆ ಇಷ್ಟವಾದದ್ದು ಗಣಿಯ ಬಂಡಿ. ಎರಡು ತಂಡದ ಮೇಜುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಿರುತ್ತಾರೆ. ನಿಮ್ಮ ಬಂಡಿಯನ್ನು ಆ ಕಡೆ ತಂಡದ ಮೇಜಿಗೆ ದಾಟಿಸಬೇಕು. ಅವರ ಬಂಡಿ ನಿಮ್ಮ ಕಡೆ ಬಂದರೆ ನಿಮಗೂ ಬೋನಸ್. ಎದುರಾಳಿ ಚೆನ್ನಾಗಿ ಆಡಲಿ ಅಂತ ಮಕ್ಕಳು ಕೂಗುವುದನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಡೆಯುವುದಿಲ್ಲ. ರೋಬೋಟ್ ಆಟ, ರೋಬೋಟ್ ವಿನ್ಯಾಸ, ಇನ್ನೊವೇಶನ್ ಪ್ರಾಜೆಕ್ಟ್, ತಂಡದ ನಡವಳಿಕೆ, ಈ ನಾಲ್ಕಕ್ಕೂ ಸಮಪಾಲು. ಪ್ರಾಜೆಕ್ಟ್ ಅಂದರೆ ಪುರಾತತ್ವದವರ ಒಂದು ನಿಜವಾದ ತೊಂದರೆ ಹುಡುಕಿ, ಅದಕ್ಕೊಂದು ಪರಿಹಾರ ಮಾಡಿ, ನಾಲ್ಕು ಜನಕ್ಕೆ ತೋರಿಸಿ, ಅವರು ಹೇಳಿದಂತೆ ತಿದ್ದುವುದು. ಚಾರ್ಟ್ ಅಂಟಿಸಿದರೆ ಜಡ್ಜ್‌ಗಳ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ನಿಮ್ಮ ಊರಿನ ಅಶೋಕನ ಶಾಸನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. 1915ರಲ್ಲಿ ಅದನ್ನು ಕಂಡವರು ಬೀಡನ್ ಅನ್ನುವ ಚಿನ್ನದ ಗಣಿ ಇಂಜಿನಿಯರ್. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅಂತ ಇತ್ತೇ ಹೊರತು ಅಶೋಕ ಅನ್ನುವ ಹೆಸರಿರಲಿಲ್ಲ. ಆ ಹೆಸರು ಸಿಕ್ಕಿದ್ದು ನಿಮ್ಮ ಬಂಡೆಯ ಮೇಲೆ. ಕಲ್ಲು ನೋಡುವ ಕಣ್ಣಿದ್ದ ಇಂಜಿನಿಯರ್ ಒಬ್ಬ ಚರಿತ್ರೆ ಪುಸ್ತಕ ತಿದ್ದಿಸಿದ! ಇದಕ್ಕಿಂತ ಒಳ್ಳೆ ಪೀಠಿಕೆ ಯಾವ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ?

ನಮ್ಮವರು ಏನು ಮಾಡಿದರು ಹೇಳುತ್ತೇನೆ, ನಕಲು ಮಾಡಬೇಡಿ. ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂ ಇದೆ. ಅಲ್ಲಿ ಹೊಸ ಶಿಲಾಯುಗದ ಕಲ್ಲಿನ ಕೊಡಲಿಗಳನ್ನು ನೋಡಿ, ಆಮೇಲೆ ಸಂಗನಕಲ್ಲು ಗುಡ್ಡಕ್ಕೆ ಹೋದೆವು. ಮಡಕೆ ಚೂರು, ಕಲ್ಲಿನ ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆ ಪಟ್ಟಿ ಇಡಬೇಕು, ಇಲ್ಲದಿದ್ದರೆ ಗಾತ್ರ ಗೊತ್ತಾಗುವುದಿಲ್ಲ. ಮಕ್ಕಳು ಬಿಳಿ ಹಾಳೆ ಹಾಸಿ ನೋಡಿದರು. ಗಾಳಿಗೆ ಹಾರಿತು, ಬಿಸಿಲಿಗೆ ಕಣ್ಣು ಕುಕ್ಕಿತು. ಆರನೇ ಕ್ಲಾಸಿನ ಹುಡುಗಿ ಯೂನಿಟ್ಟಿನಲ್ಲಿ ಉಳಿದ ಜೀನ್ಸ್ ಚಿಂದಿ ತಂದು, ಅಂಚಿಗೆ ಬಿಳಿ ದಾರದಲ್ಲಿ ಸೆಂಟಿಮೀಟರ್ ಗೆರೆ ಹೊಲಿಸಿದಳು. ಅದು ಹಾರುವುದಿಲ್ಲ, ಹೊಳೆಯುವುದಿಲ್ಲ, ಸುತ್ತಿ ಚೀಲಕ್ಕೆ ಹಾಕಬಹುದು. ಆದರೆ ಒಗೆದ ಮೇಲೆ ಬಟ್ಟೆ ಕುಗ್ಗಿ ಹತ್ತು ಸೆಂಟಿಮೀಟರ್ ಒಂಬತ್ತೂವರೆ ಆಯಿತು! ಮೊದಲೇ ಒಗೆದ ಬಟ್ಟೆಯಲ್ಲಿ ಮತ್ತೆ ಹೊಲಿದರು. ಜಡ್ಜ್‌ಗಳು ಜಾಸ್ತಿ ಹೊತ್ತು ಕೇಳಿದ್ದು ಆ ಕುಗ್ಗಿದ ಬಟ್ಟೆಯ ಕಥೆಯನ್ನೇ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಇಂಜಿನಿಯರ್. ಮಗನ ತಂಡಕ್ಕೆ ನಾನೇ ಪ್ರೋಗ್ರಾಂ ಬರೆದುಕೊಟ್ಟೆ. ಮೇಜಿನ ಮೇಲೆ ಒಳ್ಳೆ ಅಂಕವೇ ಬಂತು. ಆದರೂ ಪ್ರಶಸ್ತಿ ಇಲ್ಲ. ಇದು ತಾರತಮ್ಯ ಅಲ್ಲವೇ?
ಒಬ್ಬ ತಂದೆ, ಬಳ್ಳಾರಿ

ಅಲ್ಲ ಸರ್. ಒಳಗೆ ಕೂರಿಸಿ ಜಡ್ಜ್‌ಗಳು ಮಕ್ಕಳನ್ನು ಕೇಳುತ್ತಾರೆ: ಈ ಸಾಲು ಯಾಕೆ ಬರೆದಿರಿ, ಮೊದಲು ಹೇಗಿತ್ತು, ಯಾಕೆ ಬದಲಿಸಿದಿರಿ ಅಂತ. ನಿಮ್ಮ ಮಗ ಏನು ಹೇಳಬೇಕಿತ್ತು? ‘ಅಪ್ಪ ಬರೆದರು’ ಅಂತಲೋ?

ನಾನೇನು ಸಾಚಾ ಅಲ್ಲ. ಎರಡನೇ ವರ್ಷ ಪಂದ್ಯದ ಹಿಂದಿನ ರಾತ್ರಿ ತಡೆಯಲಾಗದೆ ಪ್ರೋಗ್ರಾಂನಲ್ಲಿ ಒಂದು ಸಂಖ್ಯೆ ತಿದ್ದಿದೆ. 340 ಇದ್ದದ್ದನ್ನು 355 ಮಾಡಿದೆ. ಬೆಳಿಗ್ಗೆ ರೋಬೋಟ್ ಗೋಡೆಗೆ ಹೋಗಿ ಗುದ್ದಿತು. ಹುಡುಗಿ ನೋಟ್‌ಬುಕ್ ತೆಗೆದು, ‘ಟೀಚರ್, ಇಲ್ಲಿ 340 ಅಂತ ಇದೆ, ಹತ್ತಕ್ಕೆ ಹತ್ತು ಬಂದಿತ್ತು. ಯಾರು ಮುಟ್ಟಿದ್ದು?’ ಅಂದಳು. ಸುಮ್ನೆ ನೆಲ ನೋಡಿಕೊಂಡು ನಿಂತೆ. ಅಂದಿನಿಂದ ಅಭ್ಯಾಸದ ಹೊತ್ತಿನಲ್ಲಿ ನನ್ನ ಕೈಯಲ್ಲಿ ಸ್ವೆಟರ್ ಕಡ್ಡಿ ಇರುತ್ತದೆ. ಬಳ್ಳಾರಿ ಸೆಕೆಯಲ್ಲಿ ಸ್ವೆಟರ್ ಯಾರಿಗೆ ಅಂತ ಕೇಳಬೇಡಿ.

ಪ್ರಶ್ನೆ: ಲೆಗೊ ಲೀಗಿನ ವಯಸ್ಸು ಮುಗೀತು ಅಕ್ಕಾರೆ. ಮುಂದೇನು?
ಒಬ್ಬ ವಿದ್ಯಾರ್ಥಿನಿ, ಲಿಂಗಸುಗೂರು

‘ಫಸ್ಟ್ ಟೆಕ್ ಚಾಲೆಂಜ್’ ಇದೆಯಮ್ಮ, 18 ವರ್ಷದವರೆಗೆ. ಅಂಗಳ 12 ಅಡಿ ಉದ್ದ, 12 ಅಡಿ ಅಗಲ. ರೋಬೋಟ್ ಶುರುವಿನಲ್ಲಿ 18 ಇಂಚಿನ ಪೆಟ್ಟಿಗೆಯೊಳಗೆ ಹಿಡಿಸುವಷ್ಟು ಇರಬೇಕು. ಎರಡೆರಡು ತಂಡ ಜೊತೆ ಸೇರಿ ಆಡುತ್ತವೆ, ಕೆಂಪು ಜೋಡಿ ಒಂದು ಕಡೆ, ನೀಲಿ ಜೋಡಿ ಒಂದು ಕಡೆ. ಮೊದಲ 30 ಸೆಕೆಂಡ್ ರೋಬೋಟ್ ತಾನೇ ಆಡುತ್ತದೆ. ಆಮೇಲೆ ಎರಡು ನಿಮಿಷ ನೀನು ಗೇಮ್‌ಪ್ಯಾಡ್ ಹಿಡಿದು ಓಡಿಸಬಹುದು. 2025-26ರ ಆಟ ‘ಡಿಕೋಡ್’: ನೇರಳೆ, ಹಸಿರು ಚೆಂಡುಗಳನ್ನು ಗೋಲಿಗೆ ಹಾಕಬೇಕು. ಕಂಬದ ಮೇಲಿನ ಗುರುತು ಓದಿ ಯಾವ ಬಣ್ಣದ ಹಿಂದೆ ಯಾವ ಬಣ್ಣ ಅಂತ ತಿಳಿದು ಅದೇ ಕ್ರಮದಲ್ಲಿ ಹಾಕಿದರೆ ಅಂಕ ಜಾಸ್ತಿ. ಜೊತೆಗಾರ ತಂಡದವರು ಯಾರು ಅಂತ ಅಲ್ಲಿ ಹೋದ ಮೇಲೇ ಗೊತ್ತಾಗುವುದು. ಹಾಗಾಗಿ ಮಾತಾಡೋದನ್ನೂ ಕಲಿತಿರು.

ಪ್ರಶ್ನೆ: ನಿಮ್ಮ ಮೈದುನ ಮೇಜಿಗೆ ಬಾಡಿಗೆ ಕೇಳುವುದಿಲ್ಲವೇ?
ಒಬ್ಬ ಟೈಲರ್, ಕುಷ್ಟಗಿ

ಬಾಡಿಗೆ ಕೇಳಿಲ್ಲ, ಒಂದು ಕರಾರು ಹಾಕಿದ್ದಾನೆ. ಮ್ಯಾಟ್ ಹಾಸುವ ಮೊದಲು ಮಕ್ಕಳೇ ಯೂನಿಟ್ಟೆಲ್ಲ ಗುಡಿಸಬೇಕು. ಮೊದಮೊದಲು ಗೊಣಗುತ್ತಿದ್ದರು. ಒಂದಿನ ನೀಲಿ ದಾರದ ಎಳೆಯೊಂದು ಚಕ್ರದ ಅಚ್ಚಿಗೆ ಸುತ್ತಿಕೊಂಡು ರೋಬೋಟ್ ಇದ್ದಲ್ಲೇ ಗಿರಗಿರ ತಿರುಗಿತು. ಬಿಚ್ಚಿ ದಾರ ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಈಗ ಪೊರಕೆಗೆ ಜಗಳ.